ಐದು ಸಾವಿರಕ್ಕೆ ಸಾವಿರ ಗ್ರಹ

ಚಂದ್ರನ ಮೇಲೆ ಇಳಿದವರಿಗೆ ಅಲ್ಲಿ ಏನೂ ಇರಲಿಲ್ಲ, ಆದರೂ ಅವರಿಗೆ ಬೋರ್ ಆಗಲಿಲ್ಲವಲ್ಲ? 'ಸ್ಟಾರ್‌ಫೀಲ್ಡ್' ಆಟದ ಗ್ರಹಗಳು ಖಾಲಿ ಹೊಡೆಯುತ್ತವೆ ಎಂದು ದೂರಿದವರಿಗೆ ಬೆಥೆಸ್ಡಾ ಕಂಪನಿಯವರು ಕೊಟ್ಟ ಉತ್ತರದ ಸಾರ ಇದು. 2023ರ ಕೊನೆಗೆ ಸ್ಟೀಮ್‌ನಲ್ಲಿ ಕೆಟ್ಟ ರಿವ್ಯೂ ಬರೆದವರ ಬುಡಕ್ಕೇ ಹೋಗಿ ಇದನ್ನು ಬರೆದು ಬಂದರು. ನಮ್ಮಲ್ಲೂ ಈ ಮಾತನ್ನು ಗಿಣಿಪಾಠದ ಹಾಗೆ ಒಪ್ಪಿಸುವವರು ಬೇಕಾದಷ್ಟು ಜನ ಇದ್ದಾರೆ. ಮಣಿಪಾಲದ ಟೈಗರ್ ಸರ್ಕಲ್ ಹತ್ತಿರ ಚಾ ಕುಡಿಯುತ್ತಾ "ಸ್ಪೇಸ್ ಅಂದ್ರೆ ಹೀಗೇ ಮಾರಾಯ, ನಿಂಗೆ ಅರ್ಥ ಆಗುದಿಲ್ಲ" ಅಂತ ನನಗೇ ಪಾಠ ಮಾಡಿದವರಿದ್ದಾರೆ.

ಅಲ್ಲ ಮಾರಾಯ್ರೇ, ಖಾಲಿ ಇರುವುದು ಯಾವತ್ತಾದರೂ ಸಮಸ್ಯೆಯಾಗಿತ್ತಾ?

ಆ ಆಟ ಬಂದ ವಾರವನ್ನೇ ನೆನಪು ಮಾಡಿಕೊಳ್ಳಿ. 2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿಯಿತು. 26 ಕೆಜಿಯ ಪ್ರಗ್ಯಾನ್ ಕೆಳಗಿಳಿದು ಸೆಪ್ಟೆಂಬರ್ ಮೊದಲ ವಾರಾಂತ್ಯಕ್ಕೆ ನಿದ್ದೆಗೆ ಹೋಗುವ ಹೊತ್ತಿಗೆ ಒಟ್ಟು ನಡೆದದ್ದು ಸುಮಾರು 100 ಮೀಟರ್. ನೂರು ಮೀಟರ್! ಕೃಷ್ಣ ಮಠದ ರಥಬೀದಿಗೆ ಒಂದು ಸುತ್ತು ಬರುವಷ್ಟೂ ಇಲ್ಲ. ಆಗಸ್ಟ್ 27ಕ್ಕೆ ಅದರ ಎದುರು ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಒಂದು ಗುಂಡಿ ಸಿಕ್ಕಿತು. ಬಂದ ದಾರಿಯಲ್ಲೇ ವಾಪಸ್ ತಿರುಗು ಎಂದು ಇಸ್ರೋ ಆದೇಶ ಕೊಟ್ಟಿತು. ಒಂದು ಗುಂಡಿ ತಪ್ಪಿಸಿದ ಸುದ್ದಿಯನ್ನು ದೇಶಕ್ಕೆ ದೇಶವೇ ಉಸಿರು ಬಿಗಿಹಿಡಿದು ಓದಿತು. ಅಲ್ಲಿ ಮರ ಇತ್ತಾ, ಊರು ಇತ್ತಾ, ಏಲಿಯನ್ ಇತ್ತಾ? ಬರೀ ಬೂದಿ ಮಣ್ಣು. ಆದರೆ ಪ್ರತಿಯೊಂದು ಮೀಟರಿಗೂ ಒಂದು ಬೆಲೆ ಇತ್ತು. ಗುಂಡಿಗೆ ಬಿದ್ದರೆ ಮುಗಿಯಿತು, ರಾತ್ರಿ ಬಿದ್ದರೆ ಮುಗಿಯಿತು.

ಅದೇ ಸೆಪ್ಟೆಂಬರ್ 6ಕ್ಕೆ ಸ್ಟಾರ್‌ಫೀಲ್ಡ್ ಬಂತು. ನೂರಕ್ಕೂ ಹೆಚ್ಚು ನಕ್ಷತ್ರ ವ್ಯವಸ್ಥೆಗಳು, ಸಾವಿರಕ್ಕೂ ಹೆಚ್ಚು ಗ್ರಹಗಳು, 125 ಜಿಬಿ ಜಾಗ, ಹತ್ತಿರ ಹತ್ತಿರ ಐದು ಸಾವಿರ ರೂಪಾಯಿ. ಗ್ರಹಕ್ಕೆ ಐದು ರೂಪಾಯಿಯಂತೆ ಬಿತ್ತು, ಲೆಕ್ಕ ಹಾಕಿದರೆ ಲಾಭವೇ. ಅದರಲ್ಲಿ ಪ್ರಯಾಣ ಹೇಗೆ ಗೊತ್ತುಂಟಾ? ಮ್ಯಾಪ್ ತೆಗೆಯಿರಿ, ನಕ್ಷತ್ರ ಒತ್ತಿ, ಗ್ರಹ ಒತ್ತಿ, ಲ್ಯಾಂಡ್ ಒತ್ತಿ. ಒಂದು ಸಣ್ಣ ಸಿನಿಮಾ ಓಡುತ್ತದೆ, ಇಳಿದಿರಿ. ಇಂಧನ ಮುಗಿದು ಎಲ್ಲೋ ಸಿಕ್ಕಿಬೀಳುವ ಪ್ರಶ್ನೆಯೇ ಇಲ್ಲ, ಪ್ರತಿ ಜಿಗಿತದ ನಂತರ ಟ್ಯಾಂಕ್ ತನ್ನಿಂತಾನೇ ತುಂಬುತ್ತದೆ. ಮೊದಲು ಆಟದಲ್ಲಿ ಇಂಧನ ಮುಗಿಯುತ್ತಿತ್ತು, ಆಟ ನಿಂತುಹೋಗುತ್ತದೆ ಎಂದು ಅದನ್ನು ತೆಗೆದೆವು ಎಂದು ನಿರ್ದೇಶಕ ಟಾಡ್ ಹೋವರ್ಡ್ ಅವರೇ ಹೇಳಿಕೊಂಡಿದ್ದಾರೆ. ತೆಗೆದದ್ದು ಇಂಧನವನ್ನಲ್ಲ ಸ್ವಾಮಿ, ದೂರವನ್ನು. ಕಾರ್ಕಳದಿಂದ ಉಡುಪಿಗೆ ಬಸ್ಸಲ್ಲಿ ನಿಂತುಕೊಂಡು ಬಂದವನಿಗೆ ಕಾರ್ಕಳ ಎಷ್ಟು ದೂರ ಅಂತ ಕಾಲು ಹೇಳುತ್ತದೆ. ಇಲ್ಲಿ ಆಲ್ಫಾ ಸೆಂಟಾರಿಯೂ ಒಂದೇ, ಪಕ್ಕದ ಚಂದ್ರನೂ ಒಂದೇ.

ಹಾಗಾಗಿ ಅಪೊಲೊದ ಉದಾಹರಣೆ ಕೊಡುವ ಹಕ್ಕು ಈ ಆಟಕ್ಕಿಲ್ಲ. ಅಪೊಲೊ ಗಗನಯಾತ್ರಿಗಳಿಗೆ ಬೋರ್ ಆಗದೇ ಇದ್ದದ್ದು ಚಂದ್ರ ಖಾಲಿ ಇದ್ದದ್ದಕ್ಕಲ್ಲ, ವಾಪಸ್ ಬರುತ್ತೇವೋ ಇಲ್ಲವೋ ಗೊತ್ತಿಲ್ಲದೇ ಇದ್ದದ್ದಕ್ಕೆ. ಇನ್ನೊಂದು ತಮಾಷೆ ಕೇಳಿ. 1971ರಲ್ಲಿ ಅಪೊಲೊ 15ರವರು ಚಂದ್ರನ ಮೇಲೆ ಓಡಿಸಲಿಕ್ಕೆ ಒಂದು ಗಾಡಿ ತಗೊಂಡು ಹೋಗಿದ್ದರು. ನಾಸಾದ ಅಂದಚಂದವನ್ನೇ ಮೈತುಂಬಾ ಹೊದ್ದುಕೊಂಡ ಸ್ಟಾರ್‌ಫೀಲ್ಡ್‌ಗೆ ನೆಲದ ಮೇಲೆ ಓಡುವ ಒಂದು ಗಾಡಿ ಬಂದದ್ದು 2024ರ ಆಗಸ್ಟ್‌ನಲ್ಲಿ, ಆಟ ಬಿಡುಗಡೆಯಾಗಿ ಹೆಚ್ಚುಕಡಿಮೆ ಒಂದು ವರ್ಷಕ್ಕೆ. ಅಲ್ಲಿವರೆಗೆ ಸಾವಿರ ಗ್ರಹವನ್ನೂ ನಡೆದೇ ನೋಡಬೇಕಿತ್ತು.

ನಡೆದು ನೋಡಿದರೆ ಸಿಗುವುದೇನು? ಇದು ನನ್ನ ನಿಜವಾದ ಸಿಟ್ಟು. ಖಾಲಿ ಗ್ರಹವನ್ನಾದರೂ ಸಹಿಸಬಹುದು, ಈ ಗ್ರಹಗಳು ಖಾಲಿಯೂ ಇಲ್ಲ. ಅಲ್ಲಲ್ಲಿ ಹಾಳುಬಿದ್ದ ಲ್ಯಾಬ್, ಗಣಿ, ಕಾರ್ಖಾನೆ ಇವೆ. ಒಂದು ಕ್ರಯೋ ಲ್ಯಾಬಿಗೆ ನುಗ್ಗುತ್ತೀರಿ, ಹೆಪ್ಪುಗಟ್ಟಿದ ಕಾರಿಡಾರ್, ಸತ್ತು ಬಿದ್ದ ವಿಜ್ಞಾನಿ, ಅವನ ಕಂಪ್ಯೂಟರಲ್ಲಿ ಕೊನೆಯ ದಿನದ ಟಿಪ್ಪಣಿ. ಚಂದ ಉಂಟು, ಮೈ ಜುಮ್ ಅನ್ನುತ್ತದೆ. ನಾಳೆ ಐವತ್ತು ಜ್ಯೋತಿರ್ವರ್ಷ ಆಚೆಗಿನ ಮತ್ತೊಂದು ಗ್ರಹಕ್ಕೆ ಇಳಿಯುತ್ತೀರಿ. ಅದೇ ಲ್ಯಾಬ್. ಅದೇ ಕಾರಿಡಾರ್, ಅದೇ ಬಾಗಿಲ ಹಿಂದೆ ಅದೇ ಹೆಣ, ಅದೇ ಟಿಪ್ಪಣಿ. ನಿನ್ನೆ ಯಾರಿಗಾಗಿ ಒಂದು ಕ್ಷಣ ಪಾಪ ಅನ್ನಿಸಿತೋ, ಅವನು ಸ್ಟಾಂಪ್ ಹೊಡೆದ ಮಾಲು ಅಂತ ಗೊತ್ತಾಗುತ್ತದೆ. ಆಮೇಲೆ ಆ ಆಟದಲ್ಲಿ ಯಾರು ಸತ್ತರೂ ನಿಮಗೆ ಏನೂ ಅನ್ನಿಸುವುದಿಲ್ಲ.

ಕಂಪ್ಯೂಟರಿನಿಂದ ಜಗತ್ತು ಹುಟ್ಟಿಸಿದರೆ ಹೀಗೇ ಆಗುವುದು ಅಂತ ಕೆಲವರು ಷರಾ ಬರೆಯುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ನಿಯಮ ಕೊಟ್ಟು ಸಾವಿರ ರೂಪ ಹುಟ್ಟಿಸುವ ಕಲೆ ತುಳುನಾಡಿನವರಿಗೆ ಹೊಸದಾ? ಪಂಜುರ್ಲಿ ಒಂದೇ ದೈವ. ಆದರೆ ವರ್ತೆ ಪಂಜುರ್ಲಿ ಬೇರೆ, ಕುಪ್ಪೆ ಪಂಜುರ್ಲಿ ಬೇರೆ, ಅಣ್ಣಪ್ಪ ಪಂಜುರ್ಲಿ ಬೇರೆ. ಊರು ಬದಲಾದರೆ ಕತೆ ಬದಲಾಗುತ್ತದೆ, ಆ ಊರಿನ ಜಗಳ, ಆ ಊರಿನ ಮನೆತನ ಅದರೊಳಗೆ ಸೇರಿಕೊಳ್ಳುತ್ತದೆ. ಯಕ್ಷಗಾನದಲ್ಲಿ ಪ್ರಸಂಗದ ಪದ್ಯ ಒಂದೇ, ವೇಷದ ಲೆಕ್ಕಾಚಾರ ಒಂದೇ, ಅರ್ಥ ಮಾತ್ರ ರಾತ್ರಿ ರಾತ್ರಿಗೂ ಬೇರೆ. ಅದಕ್ಕೇ ನಮ್ಮ ಅಜ್ಜಂದಿರು ಅದೇ ಪ್ರಸಂಗವನ್ನು ನಲವತ್ತು ಸಲ ನೋಡಿದ್ದು. ಯಂತ್ರದ್ದು ತಪ್ಪಲ್ಲ. ಎಲ್ಲಿ ಬದಲಾಗಬೇಕು, ಎಲ್ಲಿ ಬದಲಾಗಬಾರದು ಅಂತ ಯೋಚಿಸುವ ಕೆಲಸವನ್ನು ಇವರು ಮಾಡಲಿಲ್ಲ, ಅಷ್ಟೇ. ಗುಡ್ಡದ ಆಕಾರ ಬದಲಾಯಿಸಿದರು, ಸತ್ತವನ ಹೆಸರು ಬದಲಾಯಿಸಲಿಲ್ಲ.

'ನೋ ಮ್ಯಾನ್ಸ್ ಸ್ಕೈ' ನೋಡಿ. ಇಂಗ್ಲೆಂಡಿನ ಹೆಲೋ ಗೇಮ್ಸ್ ಎಂಬ ಪುಟ್ಟ ತಂಡ 2016ರಲ್ಲಿ ಬಿಟ್ಟ ಆಟ. ಗ್ರಹಗಳ ಸಂಖ್ಯೆ 18ರ ಮುಂದೆ 18 ಸೊನ್ನೆ. ಬಂದಾಗ ಹೇಳಿದ್ದೆಲ್ಲ ಅದರೊಳಗೆ ಇರಲಿಲ್ಲ, ಜನ ಉಗಿದರು, ಉಗಿದದ್ದು ಸರಿಯೇ. ಆದರೆ ಅವರು ಉಗಿದವರಿಗೆ ಚಂದ್ರನ ಪಾಠ ಹೇಳಲಿಕ್ಕೆ ಬರಲಿಲ್ಲ, ಬಾಯಿ ಮುಚ್ಚಿ ಕೆಲಸ ಮಾಡಿದರು. ವರ್ಷ ವರ್ಷ ಪುಕ್ಕಟೆ ಅಪ್‌ಡೇಟ್ ಕೊಟ್ಟರು. ಆ ಗ್ರಹಗಳೂ ಹತ್ತಿಪ್ಪತ್ತು ನೋಡಿದ ಮೇಲೆ ಒಂದರಂತೆ ಒಂದು ಕಾಣುತ್ತವೆ, ಸುಳ್ಳು ಹೇಳುವುದಿಲ್ಲ. ಆದರೆ ನೆಲದಿಂದ ಹಾರಿ ಆಕಾಶ ಕಪ್ಪಾಗುವವರೆಗೆ ನೌಕೆಯನ್ನು ಓಡಿಸುವವರು ನೀವೇ, ಮೇಲೇಳಲಿಕ್ಕೆ ಇಂಧನ ಇಲ್ಲದಿದ್ದರೆ ಆ್ಯಸಿಡ್ ಮಳೆಯಲ್ಲಿ ಹುಡುಕಿಕೊಂಡು ಹೋಗುವವರೂ ನೀವೇ.

ಸ್ಟಾರ್‌ಫೀಲ್ಡ್‌ನಲ್ಲಿ ಒಳ್ಳೆಯದು ಇಲ್ಲವೇ ಅಂದರೆ, ಇದೆ, ಅದೇ ಹೊಟ್ಟೆ ಉರಿಸುವುದು. ನೌಕೆ ಕಟ್ಟುವ ಭಾಗ ಇದೆಯಲ್ಲ, ಅದಕ್ಕೆ ಸಾಟಿ ನಾನು ಬೇರೆ ಕಡೆ ನೋಡಿಲ್ಲ. ಎಂಜಿನ್, ಕಾಕ್‌ಪಿಟ್, ಸಾಮಾನಿನ ಕೋಣೆ ಎಲ್ಲ ಬೇಕಾದ ಹಾಗೆ ಜೋಡಿಸಿ, ಕಟ್ಟಿದ ನೌಕೆಯೊಳಗೆ ನಡೆದಾಡಬಹುದು. ಮೇಜಿನ ಮೇಲೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತದೆ. ಯಾರೋ ಪುಣ್ಯಾತ್ಮ ಒಂದು ಕೋಣೆಗೆ ಸಾವಿರಾರು ಆಲೂಗಡ್ಡೆ ತುಂಬಿ ಬಾಗಿಲು ತೆಗೆದ ವಿಡಿಯೋ ನೋಡಿರಬಹುದು. ಒಂದೊಂದೂ ಉರುಳಿಕೊಂಡು ಹೊರಗೆ ಬರುತ್ತದೆ. 'ಎಂಟ್ಯಾಂಗಲ್ಡ್' ಅಂತ ಒಂದು ಅಧ್ಯಾಯ ಉಂಟು: ಒಂದೇ ಲ್ಯಾಬ್ ಎರಡು ಜಗತ್ತಿನಲ್ಲಿದೆ, ಒಂದರಲ್ಲಿ ಅಪಘಾತ ಆಗಿದೆ, ಇನ್ನೊಂದರಲ್ಲಿ ಆಗಿಲ್ಲ, ನೀವು ನಡುವೆ ಜಿಗಿಯುತ್ತಾ ಯಾರನ್ನು ಉಳಿಸಬೇಕು ಅಂತ ತೀರ್ಮಾನಿಸಬೇಕು. ಅಲ್ಲಿ ನಾನು ಕಂಟ್ರೋಲರ್ ಕೆಳಗಿಟ್ಟು ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ಇಷ್ಟು ಬರೆಯಲು ಬರುವವರು ಒಂದೇ ಹೆಣವನ್ನು ಹತ್ತು ಗ್ರಹದಲ್ಲಿ ಮಲಗಿಸುತ್ತಾರೆ ಅಂದರೆ ಅದು ಅಸಾಮರ್ಥ್ಯ ಅಲ್ಲ, 'ಸಾವಿರ' ಎಂಬ ಸಂಖ್ಯೆಯ ಹಟ. ಇಪ್ಪತ್ತು ಗ್ರಹ ಸಾಕಿತ್ತು.

ಒಂದು ರಾತ್ರಿ ಆಟದೊಳಗಿನ ಭೂಮಿಗೆ ಹೋಗಿ, ಹೆಚ್ಚುಕಡಿಮೆ ನಮ್ಮ ಕರಾವಳಿ ಇರಬಹುದು ಎಂಬ ಅಂದಾಜಿನ ಮೇಲೆ ಇಳಿದೆ. ಕತೆಯ ಪ್ರಕಾರ ಭೂಮಿ ವಾತಾವರಣ ಕಳೆದುಕೊಂಡು ಸತ್ತಿದೆ. ಸಮುದ್ರ ಇಲ್ಲ, ಮಲ್ಪೆ ಇಲ್ಲ, 1901ರ ಕಾಪು ದೀಪಸ್ತಂಭ ಇಲ್ಲ, ಕಂದು ಧೂಳು. ಸರಿ, ಒಪ್ಪಿದೆ. ಆದರೆ ಅದೇ ಸತ್ತ ಭೂಮಿಯಲ್ಲಿ ದುಬೈನ ಬುರ್ಜ್ ಖಲೀಫಾ ನಿಂತಿದೆ, ಲಂಡನ್ನಿನ ಶಾರ್ಡ್ ಎಂಬ ಗಾಜಿನ ಕಟ್ಟಡ ನಿಂತಿದೆ. ಕಾರ್ಕಳದ ಗೊಮ್ಮಟ ಏಕಶಿಲೆ, 42 ಅಡಿ, 1432ರಿಂದ ನಮ್ಮ ಮಳೆಗೆ ಮೈಯೊಡ್ಡಿ ನಿಂತವನು. ಗಾಜು ಉಳಿಯುವ ಕಡೆ ಅವನು ಉಳಿಯುವುದಿಲ್ಲವಾ? ಇದು ಊರಿನ ಅಭಿಮಾನದ ದೂರಲ್ಲ (ಸ್ವಲ್ಪ ಹೌದು). ಆ ಬಂಡೆ ಬೇರೆಲ್ಲಿಯೂ ಇಲ್ಲ, ಆ ಕ್ರಯೋ ಲ್ಯಾಬ್ ಎಲ್ಲೆಲ್ಲಿಯೂ ಇದೆ.

ಇಷ್ಟು ಉದ್ದ ಬರೆಯಲಿಕ್ಕೆ ಕಾರಣ, ಉಡುಪಿ ಆಟ ಆಡುವವರ ಊರು ಮಾತ್ರ ಅಲ್ಲ, ಆಟ ಮಾಡುವವರ ಊರು ಕೂಡ. 'ಸ್ಟಾರ್ ಶೆಫ್' ಮಾಡಿದ 99ಗೇಮ್ಸ್ ಇಲ್ಲಿಯದೇ. ಉಡುಪಿಯವರು ಹೋಟೆಲ್ ನಡೆಸುವ ಆಟ ಮಾಡದೆ ಮತ್ತೆ ಯಾರು ಮಾಡಬೇಕು? ಬಾಹ್ಯಾಕಾಶವೂ ನಮಗೆ ದೂರದ ನೆಂಟ ಅಲ್ಲ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹದ ಹಿಂದಿದ್ದ ಯು.ಆರ್. ರಾವ್ ಹುಟ್ಟಿದ್ದು ಕಾಪು ಹತ್ತಿರದ ಅದಮಾರಿನಲ್ಲಿ. ಆ 360 ಕೆಜಿಯ ಡಬ್ಬವನ್ನು ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದರು, ಮೇಲೆ ಹೋದ ಕೆಲವೇ ದಿನಕ್ಕೆ ವಿದ್ಯುತ್ ಕೈಕೊಟ್ಟು ಪ್ರಯೋಗಗಳು ನಿಂತವು. ಆ ಶೆಡ್ಡಿನಲ್ಲಿ, ಆ ಕೆಲವು ದಿನಗಳಲ್ಲಿ, ಒಂದು ಆಟಕ್ಕೆ ಬೇಕಾದ ಎಲ್ಲವೂ ಇದೆ: ತೂಕದ ಮಿತಿ, ದುಡ್ಡಿನ ಮಿತಿ, ಕಡಿಮೆಯಾಗುತ್ತಾ ಹೋಗುವ ಕರೆಂಟು, ಯಾವ ಪ್ರಯೋಗ ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಎಂಬ ಸಂಕಟ. ಒಂದೇ ಒಂದು ಗ್ರಹ, ಅದೂ ನಮ್ಮದೇ. ಮಣಿಪಾಲದ ಯಾವುದೋ ಹಾಸ್ಟೆಲ್ ಕೋಣೆಯಲ್ಲಿ ಇದನ್ನು ಓದುತ್ತಾ ಯಾರಾದರೂ ಕೂತಿದ್ದರೆ, ಐಡಿಯಾ ಪುಕ್ಕಟೆ, ತಗೊಳ್ಳಿ. ನೌಕೆ ಕಟ್ಟುವ ಭಾಗವನ್ನು ಮಾತ್ರ ಸ್ಟಾರ್‌ಫೀಲ್ಡ್‌ನಿಂದ ಕದಿಯಿರಿ. ಅದಕ್ಕೋಸ್ಕರವೇ ಆ 125 ಜಿಬಿಯನ್ನು ನಾನಿನ್ನೂ ಲ್ಯಾಪ್‌ಟಾಪಿನಿಂದ ಅಳಿಸಿಲ್ಲ.