ಗೆರೆಯೂ ದುಡಿಮೆಯೇ

"ಚಿತ್ರಕಲೆ ಹುಟ್ಟಿನಿಂದಲೇ ಬರಬೇಕು" ಎಂಬ ಮಾತನ್ನು ನಾವು ಬಹು ಸುಲಭವಾಗಿ ಆಡಿಬಿಡುತ್ತೇವೆ. ಇದು ಕಲಾವಿದನಿಗೆ ಸಲ್ಲಿಸುವ ಗೌರವವೆಂದು ತೋರಿದರೂ, ಅವನ ದುಡಿಮೆಯನ್ನು ಮರೆಸುವ ಮಾತೆಂದೇ ನನ್ನ ಅಭಿಪ್ರಾಯ.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರನ್ನೇ (1911–1996) ನೋಡಿರಿ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಅಧ್ಯಾಪಕರೂ ಆಗಿದ್ದವರು, 1949ರಲ್ಲಿ ಪ್ಯಾರಿಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ರೇಖೆಯಲ್ಲಿ ಲಯವನ್ನು ಹಿಡಿಯಬೇಕೆಂದು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಕುಣಿಯುವ ದೇಹವನ್ನು ಕೆಲವೇ ಗೆರೆಗಳಲ್ಲಿ ನಿಲ್ಲಿಸುವ ಅವರ ಚಿತ್ರಗಳು ನಮಗೆ ಲೀಲೆಯಂತೆ ಕಾಣುತ್ತವೆ. ಹಿಂದಿನ ಸಾಧನೆ ಕಾಣುವುದಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ಬಡಗಿ. ನಾನು ಚಿತ್ರ ಬರೆಯಲು ಕುಳಿತರೆ, "ಓದೋದು ಬಿಟ್ಟು ಇದೇನೋ ಗೆರೆ ಎಳ್ಕೊಂಡು ಕೂತಿದ್ದೀಯ?" ಎಂದು ಗದರುತ್ತಾರೆ. ಆದರೆ ಹಲಗೆಗೆ ಗುರುತು ಹಾಕುವಾಗ ಅವರೇ ಎರಡು ಸಲ ಅಳೆದು ಗೆರೆ ಎಳೆಯುತ್ತಾರೆ. ಗೆರೆ ತಪ್ಪಿದರೆ ಮರ ಹಾಳು. ಆ ಕಣ್ಣಳತೆ ಅವರಿಗೆ ಹುಟ್ಟಿನಿಂದ ಬಂದುದಲ್ಲ, 30 ವರ್ಷಗಳ ಕೆಲಸದಿಂದ ಬಂದುದು. ನಾನು ದಿನವೂ ಒಂದು ಚೊಂಬನ್ನೋ, ನನ್ನ ಎಡಗೈಯನ್ನೋ ನೋಡಿ ಬರೆಯುವುದೂ ಅದೇ ಬಗೆಯ ಕೆಲಸ. ಇದನ್ನು ಅವರಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಕಲೆಯು ಹುಟ್ಟಿನ ವರವೆಂದರೆ ನಮ್ಮಂಥವರ ಮಕ್ಕಳು ಬಾಗಿಲಲ್ಲೇ ನಿಲ್ಲಬೇಕು. ಅಭ್ಯಾಸವೆಂದರೆ ಯಾರೂ ಒಳಗೆ ಬರಬಹುದು. ಆದುದರಿಂದ ಸಂಜೆಯ ಹೊತ್ತು ಕಾಲೇಜಿನ ಒಂದು ಕೊಠಡಿಯನ್ನು ಚಿತ್ರಾಭ್ಯಾಸಕ್ಕಾಗಿ ತೆರೆದಿಡಬೇಕೆಂದು ಗುರುಗಳಲ್ಲಿ ನನ್ನ ವಿನಂತಿ. ಬಣ್ಣಗಳು ಆಮೇಲೆ ಬರಲಿ. ಸದ್ಯಕ್ಕೆ ಸೀಸದ ಕಡ್ಡಿ, ಕಾಗದ, ಬೆಳಕು ಇಷ್ಟಿದ್ದರೆ ಸಾಕು.