ನ್ಯೂಬಿ ಇರಲಿ, ನೂಬ್ ಬೇಡ

ಹೊಸ ಬ್ಯಾಚ್ ಬಂದಿದೆ. ಕ್ಯಾಂಟೀನ್ ಕ್ಯೂ ಉದ್ದ ಆಗಿದೆ, ಕಾರಿಡಾರ್‌ನಲ್ಲಿ ‘ಅಣ್ಣಾ, ಸಿವಿಲ್ ಬ್ಲಾಕ್ ಎಲ್ಲಿ?’ ಅಂತ ಕೇಳೋರು ಜಾಸ್ತಿ ಆಗಿದ್ದಾರೆ. ಅವರನ್ನ ಕರೆಯೋಕೆ ನಾವು ಬಳಸೋ ಪದಗಳೂ ಅಷ್ಟೇ ಜಾಸ್ತಿ ಆಗಿವೆ. ಫ್ರೆಶರ್, ಜೂನಿಯರ್, ಬಚ್ಚಾ, ನ್ಯೂಬಿ, ನೂಬ್. ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮ್‌ಗೆ ಬಂದವರಿಗೆ ಹೆಸರೇ ಇಲ್ಲ, ಬರೀ ‘ಲ್ಯಾಟರಲ್’.

ಎಲ್ಲಾ ಒಂದೇ ಅರ್ಥ ತಾನೇ, ಏನಾಯ್ತೀಗ ಅಂತ ನೀವು ಕೇಳಬಹುದು. ಒಂದೇ ಅರ್ಥ ಅಲ್ಲ ಅನ್ನೋದೇ ನನ್ನ ವಾದ. ಹೊಸಬರಿಗೆ ಇಂಗ್ಲಿಷ್‌ನಲ್ಲಿರೋ ಪದಗಳನ್ನ ಸಾಲಾಗಿ ಇಟ್ಟು ನೋಡಿದ್ರೆ ಎರಡು ಗುಂಪು ಕಾಣುತ್ತೆ. ಒಂದು ‘ನೀನು ಸದ್ಯಕ್ಕೆ ಹೊಸಬ’ ಅನ್ನುತ್ತೆ. ಇನ್ನೊಂದು ‘ನೀನು ಇಷ್ಟೇ’ ಅನ್ನುತ್ತೆ. ಮೊದಲನೆಯದು ಇರಲಿ, ಎರಡನೆಯದನ್ನ ಬಿಡೋಣ.

ನಮಗೆ ಹತ್ತಿರದ ಪದದಿಂದಲೇ ಶುರು ಮಾಡ್ತೀನಿ. ‘ಫ್ರೆಶ್‌ಮನ್’ 16ನೇ ಶತಮಾನದ ಪದ. 19ನೇ ಶತಮಾನದ ಆಕ್ಸ್‌ಫರ್ಡ್ ಹುಡುಗರಿಗೆ ಒಂದು ಚಟ ಇತ್ತು. ಸಿಕ್ಕ ಪದದ ಬಾಲ ಕತ್ತರಿಸಿ ‘ಅರ್’ ಅಂಟಿಸೋದು. ಅಸೋಸಿಯೇಷನ್ ಫುಟ್‌ಬಾಲ್ ‘ಸಾಕರ್’ ಆಗಿದ್ದು ಹಾಗೆ, ರಗ್ಬಿ ‘ರಗ್ಗರ್’ ಆಗಿದ್ದು ಹಾಗೆ, ಫ್ರೆಶ್‌ಮನ್ ‘ಫ್ರೆಶರ್’ ಆಗಿದ್ದೂ ಹಾಗೇನೇ. ನಮ್ಮ ದೇಶದಲ್ಲಿ ಅದಕ್ಕೆ ಎರಡನೇ ಅರ್ಥವೂ ಬಂತು: ಅನುಭವ ಇಲ್ಲದೆ ಮೊದಲ ಕೆಲಸ ಹುಡುಕೋನು. ಅಂದ್ರೆ ನಾವೆಲ್ಲ ಎರಡು ಸಲ ಫ್ರೆಶರ್ ಆಗ್ತೀವಿ. ಈಗ ಜೂನಿಯರ್‌ಗಳ ಮುಂದೆ ಎದೆ ಉಬ್ಬಿಸಿಕೊಂಡು ಓಡಾಡೋ ಫೈನಲ್ ಇಯರ್ ಅಣ್ಣ, ಆಫರ್ ಲೆಟರ್ ಬಂದ ದಿನ ಮತ್ತೆ ಫ್ರೆಶರ್.

ಅಮೆರಿಕದಲ್ಲಿ ಸೆಕೆಂಡ್ ಇಯರ್‌ನವರನ್ನ ‘ಸೋಫೊಮೋರ್’ ಅಂತಾರೆ. ವಾದ ಮಾಡೋ ವಿದ್ಯಾರ್ಥಿ ಅನ್ನೋ ಹಳೇ ಅರ್ಥದಿಂದ ಬಂದ ಪದ ಅದು. ಆಮೇಲೆ ಜನ ಅದರಲ್ಲಿ ಗ್ರೀಕ್ ಭಾಷೆಯ ‘ಜ್ಞಾನಿ’ ಮತ್ತು ‘ದಡ್ಡ’ ಎರಡನ್ನೂ ಸೇರಿಸಿ ಓದಿದ್ರು. ನಾನೀಗ ಸೆಕೆಂಡ್ ಇಯರ್. ಈ ಲೇಖನದಲ್ಲಿ ಯಾವ ಸಾಲು ಜ್ಞಾನಿದು, ಯಾವುದು ದಡ್ಡಂದು ಅನ್ನೋದು ನಿಮಗೆ ಬಿಟ್ಟಿದ್ದು.

ಇನ್ನು ಕೆಲವು ಪದ ಹೊಲ, ಕೊಟ್ಟಿಗೆಯಿಂದ ಬಂದಿವೆ. ‘ಗ್ರೀನ್‌ಹಾರ್ನ್’ ಅಂದ್ರೆ ಮೊದಲಿಗೆ ಆಗಷ್ಟೇ ಕೊಂಬು ಬರ್ತಿರೋ ಎಳೇ ಎತ್ತು. 17ನೇ ಶತಮಾನದಲ್ಲಿ ಅದು ಹೊಸ ಸೈನಿಕನಿಗೆ ಅಂಟಿಕೊಂಡಿತು. ‘ನಿಯೊಫೈಟ್’ ಅಂದ್ರೆ ಗ್ರೀಕ್‌ನಲ್ಲಿ ‘ಹೊಸದಾಗಿ ನೆಟ್ಟಿದ್ದು’, ಅಂದ್ರೆ ಸಸಿ. ನಮ್ಮ ‘ಎಳಸು’ ಇವೆರಡರ ಪಕ್ಕದ ಮನೆಯದ್ದೇ. ‘ಬಿಡು ಗುರು, ಅವನಿನ್ನೂ ಎಳಸು’ ಅಂತ ನಗ್ತೀವಲ್ಲ, ಆ ಮಾತಲ್ಲಿ ಕುಹಕ ಇದೆ ನಿಜ. ಆದ್ರೆ ‘ಇನ್ನೂ’ ಅನ್ನೋದೂ ಇದೆ. ಎಳಸು ಕಾಯಿ ಬಲೀತದೆ, ಕರುವಿಗೆ ಕೊಂಬು ಬರ್ತದೆ, ಸಸಿ ಬೇರು ಬಿಡ್ತದೆ. ಪದದ ಒಳಗೇ ಬೆಳೆಯೋಕೆ ಜಾಗ ಇದೆ.

ನಮ್ಮ ನೆಲಕ್ಕೆ ಸೇರಿದ ಒಂದು ಪದ ಹೇಳ್ಲೇಬೇಕು. ಬ್ರಿಟಿಷರ ಕಾಲದಲ್ಲಿ ಹಡಗಿಳಿದು ಇಂಡಿಯಾಕ್ಕೆ ಬಂದ ಹೊಸಬನನ್ನ ಅವರವರೇ ‘ಗ್ರಿಫಿನ್’ ಅಂತ ಆಡಿಕೊಳ್ತಿದ್ರು. 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ಅನ್ನೋ ಆಂಗ್ಲೋ-ಇಂಡಿಯನ್ ನಿಘಂಟಿನಲ್ಲಿ ಈ ಪದ ಇದೆ. ಇಲ್ಲಿಯ ಬಿಸಿಲು, ಊಟ, ಭಾಷೆ ಯಾವುದೂ ಗೊತ್ತಿಲ್ಲದೆ ಕಣ್ಣು ಕಣ್ಣು ಬಿಡೋ ಮೊದಲ ವರ್ಷದವನು ಗ್ರಿಫಿನ್. ನಮ್ಮನ್ನ ಆಳೋಕೆ ಬಂದವರೂ ಒಂದು ವರ್ಷ ಎಳಸೇ! ಬ್ರಿಟಿಷ್ ಸೈನಿಕರ ಮಾತಿನ ಇನ್ನೊಂದು ಪದ ‘ರೂಕಿ’. ಮುಂಬೈನಲ್ಲಿ ಹುಟ್ಟಿದ ಕಿಪ್ಲಿಂಗ್ 1892ರ ಪದ್ಯಗಳಲ್ಲಿ ಬಳಸಿ ಅದಕ್ಕೆ ಹೆಸರು ತಂದುಕೊಟ್ಟ. ಈಗ ಅದು ಆಟದ ಮೈದಾನದ ಪದ. ಎನ್‌ಬಿಎ ಬಾಸ್ಕೆಟ್‌ಬಾಲ್‌ನಲ್ಲಿ ‘ವರ್ಷದ ರೂಕಿ’ ಅಂತ ಪ್ರಶಸ್ತಿನೇ ಇದೆ.

ನನಗೆ ತುಂಬಾ ಇಷ್ಟ ಆದ ಕಥೆ ‘ಟೆಂಡರ್‌ಫುಟ್’ದು. ಅಮೆರಿಕದ ಪಶ್ಚಿಮದಲ್ಲಿ ಚಿನ್ನದ ಗಣಿ, ದನದ ರ‍್ಯಾಂಚ್ ಅಂತ ಹೊಸದಾಗಿ ಬಂದವರನ್ನ ಹಳಬರು ‘ಮೆತ್ತನೆ ಕಾಲಿನವನು’ ಅಂತ ಹಂಗಿಸ್ತಿದ್ರು. ಆಮೇಲೆ ಸ್ಕೌಟ್ಸ್ ಚಳವಳಿ ಅದೇ ಪದವನ್ನ ತಗೊಂಡು ಮೊದಲ ಹಂತದ ಹೆಸರು ಮಾಡಿತು. ಇಷ್ಟು ಗಂಟು ಕಟ್ಟೋದು ಕಲಿ, ಇಷ್ಟು ನಿಯಮ ಕಲಿ, ಮುಂದಿನ ಹಂತಕ್ಕೆ ಬಾ ಅಂತ. ಹಂಗಿಸೋ ಪದಕ್ಕೆ ಒಂದು ಮೆಟ್ಟಿಲು ಕಟ್ಟಿಬಿಟ್ರು. ನಮ್ಮ ಭಾರತ್ ಸ್ಕೌಟ್ಸ್‌ನಲ್ಲಂತೂ ಮೊದಲ ಹಂತದ ಹೆಸರೇ ‘ಪ್ರವೇಶ’, ಅದಾದ ಮೇಲೆ ‘ಪ್ರಥಮ ಸೋಪಾನ’.

ಈ ಪದಗಳಲ್ಲಿ ಒಂದು ಸಮಾನ ಅಂಶ ಗಮನಿಸಿದ್ರಾ? ಇವಕ್ಕೆಲ್ಲ ಎಕ್ಸ್‌ಪೈರಿ ಡೇಟ್ ಇದೆ. ಫ್ರೆಶರ್, ಗ್ರಿಫಿನ್ ಒಂದು ವರ್ಷ. ರೂಕಿ ಒಂದು ಸೀಸನ್. ಟೆಂಡರ್‌ಫುಟ್ ಪರೀಕ್ಷೆ ಪಾಸಾಗೋವರೆಗೆ. ಜಪಾನ್‌ನಲ್ಲಿ 1972ರಿಂದ ಹೊಸ ಡ್ರೈವರ್‌ಗಳು ಕಾರಿಗೆ ಹಸಿರು-ಹಳದಿ ಎಲೆಯ ಗುರುತು ಹಾಕ್ತಾರೆ. ಅದೂ ಲೈಸೆನ್ಸ್ ಸಿಕ್ಕ ಮೇಲೆ ಒಂದು ವರ್ಷ. ಆ ಗುರುತು ಹಿಂದಿನ ಗಾಡಿಯವನಿಗೆ ‘ಸ್ವಲ್ಪ ತಾಳಿಕೋ’ ಅಂತ ಹೇಳುತ್ತೆ.

ಈಗ ‘ನೂಬ್’ ವಿಷಯಕ್ಕೆ ಬರೋಣ. ಅದರ ಅಮ್ಮ ‘ನ್ಯೂಬಿ’, ವಿಯೆಟ್ನಾಂ ಯುದ್ಧದ ಕಾಲದ ಅಮೆರಿಕನ್ ಸೈನಿಕರ ಪದ. ಅದು ಇಂಟರ್‌ನೆಟ್‌ಗೆ ಬಂದಿದ್ದು ಯೂಸ್‌ನೆಟ್ ಅನ್ನೋ ಹಳೇ ಚರ್ಚಾ ಜಾಲದ ಮೂಲಕ. ಪ್ರತಿ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾಲೇಜು ಸೇರಿದ ಹೊಸ ಹುಡುಗರಿಗೆ ಅಲ್ಲಿ ಅಕೌಂಟ್ ಸಿಗೋದು, ಅವರು ಕೇಳಿದ್ದನ್ನೇ ಕೇಳೋರು, ಒಂದೆರಡು ತಿಂಗಳಲ್ಲಿ ರೀತಿ ರಿವಾಜು ಕಲಿತು ಹಳಬರಾಗೋರು. 1993ರ ಹೊತ್ತಿಗೆ ಮನೆ ಮನೆಯಿಂದ ಜನ ನುಗ್ಗಿದಾಗ, ಈ ಸೆಪ್ಟೆಂಬರ್ ಮುಗಿಯೋದೇ ಇಲ್ಲ ಅಂತ ಹಳಬರು ಗೊಣಗಿದ್ರು. ‘ಕೊನೆಯಿಲ್ಲದ ಸೆಪ್ಟೆಂಬರ್’ ಅನ್ನೋ ಹೆಸರೇ ನಿಂತಿತು. ಆದ್ರೆ ಅದೇ ಜಾಲದ ಹಳಬರು ಇನ್ನೊಂದು ಕೆಲಸವನ್ನೂ ಮಾಡಿದ್ರು. ಪದೇ ಪದೇ ಬರೋ ಪ್ರಶ್ನೆಗಳಿಗೆ ಉತ್ತರ ಬರೆದು ಒಂದು ಕಡೆ ಇಟ್ರು. ಎಫ್‌ಎಕ್ಯೂ ಅನ್ನೋದು ಜನಪ್ರಿಯ ಆಗಿದ್ದು ಹಾಗೆ.

ಗೇಮಿಂಗ್ ಜಗತ್ತು ಮಾತ್ರ ಗೊಣಗೋದನ್ನಷ್ಟೇ ಮುಂದುವರಿಸಿತು. ನ್ಯೂಬಿ ಸವೆದು ನೂಬ್ ಆಯ್ತು, ನಡುವಿನ ಎರಡು ‘ಓ’ ಅಕ್ಷರದ ಜಾಗಕ್ಕೆ ಎರಡು ಸೊನ್ನೆ ಬಂತು. ನ್ಯೂಬಿ ಅಂದ್ರೆ ಗೊತ್ತಿಲ್ಲದೋನು, ಕಲೀತಾನೆ. ನೂಬ್ ಅಂದ್ರೆ ಕಲಿಯೋನೇ ಅಲ್ಲ. ಇದಕ್ಕೆ ಎಕ್ಸ್‌ಪೈರಿ ಇಲ್ಲ. ಹತ್ತು ವರ್ಷ ಆಡಿದವನೂ ಒಂದು ಶಾಟ್ ಮಿಸ್ ಮಾಡಿದ್ರೆ ನೂಬ್.

‘ಲೋ, ಅದು ತಮಾಷೆಗೆ ಅನ್ನೋದು ಕಣೋ’ ಅಂತೀರಾ? ರಾತ್ರಿ ಹಾಸ್ಟೆಲ್‌ನಲ್ಲಿ ಬಿಜಿಎಂಐ ಆಡೋವಾಗ ರೂಮ್‌ಮೇಟ್‌ಗೆ ಅನ್ನಿ, ನನ್ನ ಅಭ್ಯಂತರ ಇಲ್ಲ. ಅವನು ಮುಂದಿನ ಮ್ಯಾಚ್‌ನಲ್ಲಿ ನಿಮಗೆ ವಾಪಸ್ ಅಂತಾನೆ, ಲೆಕ್ಕ ಚುಕ್ತಾ. ಆದ್ರೆ ಸಿ ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ‘ಈ ಪಾಯಿಂಟರ್‌ಗೆ ಯಾಕೆ ಸ್ಟಾರ್ ಹಾಕ್ತಾರೆ?’ ಅಂತ ಕೇಳಿದ ಹುಡುಗಿಗೆ ‘ನೂಬ್’ ಅಂದ್ರೆ ಅವಳು ವಾಪಸ್ ಏನೂ ಅನ್ನಲ್ಲ. ಮುಂದಿನ ವಾರದಿಂದ ಕೇಳೋದನ್ನೇ ಬಿಡ್ತಾಳೆ. ಪಕ್ಕದವರ ರೆಕಾರ್ಡ್ ನೋಡಿ ಬರೀತಾಳೆ, ವೈವಾದಲ್ಲಿ ಸುಮ್ಮನೆ ನಿಲ್ತಾಳೆ. ಕಲಿಯಲ್ಲ ಅಂತ ಮೊದಲೇ ಕರೆದಿದ್ವಲ್ಲ, ಆ ಮಾತನ್ನ ನಾವೇ ನಿಜ ಮಾಡಿದ ಹಾಗಾಯ್ತು.

ಇನ್ನೊಂದು ಗೊಂದಲ ಇದೆ. ಜಾಗಕ್ಕೆ ಹೊಸಬರು ಬೇರೆ, ಕೆಲಸಕ್ಕೆ ಹೊಸಬರು ಬೇರೆ. ಈ ಸ್ಲ್ಯಾಂಗ್ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತೆ. ಲ್ಯಾಟರಲ್ ಎಂಟ್ರಿಯವರನ್ನೇ ನೋಡಿ. ಎಷ್ಟೋ ಜನ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಸಿಐಇ, ಎಸ್‌ಇಇ, ಬ್ಯಾಕ್‌ಲಾಗ್, ಪ್ರಾಕ್ಸಿ, ಆಕ್ಟಿವಿಟಿ ಪಾಯಿಂಟ್ ಅನ್ನೋ ನಮ್ಮ ಮಾತು ಅವರಿಗೆ ಹೊಸದು. ಆದ್ರೆ ಮೂರು ವರ್ಷ ಡಿಪ್ಲೊಮಾ ಲ್ಯಾಬ್‌ನಲ್ಲಿ ಕೈ ಪಳಗಿಸಿಕೊಂಡು ಬಂದವರು ಅವರು. ಲೇತ್ ಮೇಲೆ ಜಾಬ್ ಕೂರಿಸೋದು, ಸೋಲ್ಡರಿಂಗ್ ಮಾಡೋದು ನಮಗಿಂತ ಚೆನ್ನಾಗಿ ಗೊತ್ತು. ನಾಲ್ಕು ಇಂಗ್ಲಿಷ್ ಪದ ಗೊತ್ತಿಲ್ಲ ಅಂತ ಅವರನ್ನ ಎಳಸು ಅಂದ್ರೆ ನಷ್ಟ ನಮ್ಮದೇ.

ರೂಲ್ಸ್ ಕೂಡ ಒಂದು ಸಲ ನೆನಪಿಸ್ತೀನಿ. ಯುಜಿಸಿಯ 2009ರ ರ‍್ಯಾಗಿಂಗ್ ವಿರೋಧಿ ನಿಯಮದಲ್ಲಿ ‘ಫ್ರೆಶರ್’ ಅನ್ನೋ ಪದವೇ ಇದೆ. ಮಾತಿನಿಂದ ಒರಟಾಗಿ ನಡೆಸಿಕೊಳ್ಳೋದೂ, ಕೀಟಲೆ ಮಾಡೋದೂ ಅದರಲ್ಲಿ ರ‍್ಯಾಗಿಂಗೇ. 2016ರ ತಿದ್ದುಪಡಿಯಲ್ಲಿ ಊರು, ಭಾಷೆಯ ಕಾರಣಕ್ಕೆ ಕಿರುಕುಳ ಕೊಡೋದೂ ಸೇರಿದೆ.

ಭಾಷೆ ಅಂದಾಗ ನಮ್ಮ ಕ್ಲಬ್‌ನವರೂ ಕೇಳಿಸಿಕೊಳ್ಳಬೇಕು. ಹೊರ ರಾಜ್ಯದ ಹುಡುಗರು ಫಸ್ಟ್ ಇಯರ್‌ನಲ್ಲಿ ವಿಟಿಯುನ ‘ಬಳಕೆ ಕನ್ನಡ’ ಓದ್ತಾರೆ. ಅವರು ಅಂಗಡಿಯಲ್ಲಿ ‘ಎಷ್ಟು ಆಯ್ತು’ ಅಂತ ತಡವರಿಸಿ ಹೇಳಿದಾಗ ನಾವು ನಕ್ಕರೆ, ಅವರು ತಕ್ಷಣ ಹಿಂದಿಗೋ ಇಂಗ್ಲಿಷ್‌ಗೋ ವಾಪಸ್ ಹೋಗ್ತಾರೆ. ಆಮೇಲೆ ನಾವೇ ‘ಇವರು ಕನ್ನಡ ಕಲಿಯಲ್ಲ’ ಅಂತೀವಿ. ಕನ್ನಡದಲ್ಲಿ ಅವರು ನ್ಯೂಬಿಗಳು. ನಾನು ಓದಿದ್ದೂ ಇಂಗ್ಲಿಷ್ ಮೀಡಿಯಂ. ಕನ್ನಡ ಟೈಪಿಂಗ್‌ನಲ್ಲಿ ಒಂದೊಂದು ಒತ್ತಕ್ಷರಕ್ಕೂ ಕೀ ಹುಡುಕೋವಾಗ ಇಲ್ಲಿಯ ಸೀನಿಯರ್ ಅಕ್ಕ ಪಕ್ಕದಲ್ಲಿ ಕೂತು ತೋರಿಸಿಕೊಟ್ರು. ಅದಕ್ಕೇ ಇವತ್ತು ಈ ಲೇಖನ ಕನ್ನಡದಲ್ಲಿದೆ.

ಹಳಬರಿಗೂ ಕಷ್ಟ ಇದೆ, ಒಪ್ತೀನಿ. ಅದೇ ಪ್ರಶ್ನೆಗೆ ನೂರು ಸಲ ಉತ್ತರ ಹೇಳೋದು ಬೇಜಾರೇ. ಹಾಗಾದ್ರೆ ಯೂಸ್‌ನೆಟ್‌ನವರು ಮಾಡಿದ್ದನ್ನ ನಾವೂ ಮಾಡೋಣ. ಕ್ಯಾಂಪಸ್‌ನ ಪದಗಳಿಗೆಲ್ಲ ಕನ್ನಡದಲ್ಲಿ ಎರಡೆರಡು ಸಾಲಿನ ವಿವರಣೆ ಬರೆದು ಇದೇ ಪತ್ರಿಕೆಯಲ್ಲಿ ಹಾಕೋಣ. ಯುಎಸ್‌ಎನ್ ಅಂದ್ರೇನು, ಸಿಐಇಯಲ್ಲಿ ಕಮ್ಮಿ ಬಂದ್ರೆ ಏನಾಗುತ್ತೆ, ಬೋನಾಫೈಡ್ ಸರ್ಟಿಫಿಕೇಟ್ ಎಲ್ಲಿ ಕೇಳಬೇಕು, ‘ಮಾಸ್ ಬಂಕ್’ಗೆ ಹೂಂ ಅಂದ್ರೆ ಅಟೆಂಡೆನ್ಸ್ ಗತಿ ಏನು. ಮೊದಲ ಹತ್ತು ಪದ ನಾನು ಬರೀತೀನಿ. ನೀವು ಫಸ್ಟ್ ಇಯರ್‌ನಲ್ಲಿ ಯಾರನ್ನ ಕೇಳೋದು ಅಂತ ತಿಳಿಯದೆ ಒದ್ದಾಡಿದ ಒಂದು ಪದ ಕಳಿಸಿ. ಲ್ಯಾಟರಲ್‌ನಲ್ಲಿ ಬಂದವರು, ಬಳಕೆ ಕನ್ನಡದವರು ಕಳಿಸಿದ್ರೆ ಅದನ್ನೇ ಮೊದಲು ಹಾಕೋಣ.