ಭಾಗಮಂಡಲದಲ್ಲಿ ಚಾರ್ಜ್ ಏಕೆ ನಿಲ್ಲದು?

ಮೈಸೂರಿನಲ್ಲಿ ಬೆಳಗ್ಗೆ ಚಾರ್ಜ್ ಮಾಡಿದರೆ ರಾತ್ರಿವರೆಗೂ ಬರುವ ಮೊಬೈಲ್, ಕೊಡಗಿನ ಭಾಗಮಂಡಲ, ಕರಿಕೆ, ಗಾಳಿಬೀಡಿನ ಕಡೆ ಜೇಬಿನಲ್ಲಿದ್ದಲ್ಲೇ ಸೊರಗುತ್ತದೆ. ಅಂಗಡಿಗೆ ಒಯ್ದರೆ ಬ್ಯಾಟರಿ ಬದಲಾಗುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ಟವರ್ ಹತ್ತಿರವಿದ್ದರೆ ಫೋನು ಪಿಸುಗುಟ್ಟಿದರೂ ಸಾಕು. ನಡುವೆ ಬೆಟ್ಟವೂ ಮಳೆಯಲ್ಲಿ ತೊಯ್ದ ತೋಟದ ಮರಗಳೂ ಅಡ್ಡ ನಿಂತರೆ ಗಂಟಲು ಹರಿಯುವಂತೆ ಕೂಗಬೇಕು. 4ಜಿ ಫೋನಿನ ಪ್ರಸಾರ ಶಕ್ತಿಯ ಗರಿಷ್ಠ ಮಿತಿ ಸಾಮಾನ್ಯವಾಗಿ 200 ಮಿಲಿವ್ಯಾಟ್. ಟವರಿನ ಸಮೀಪ ಅದರ ಸಣ್ಣದೊಂದು ಪಾಲಿನಲ್ಲೇ ಕೆಲಸ ನಡೆಯುತ್ತದೆ. ಒಂದೇ ಕಡ್ಡಿ ತೋರಿಸುವ ಕಡೆ ಮಿತಿಯವರೆಗೂ ಏರಬೇಕಾಗುತ್ತದೆ. ಸಿಗ್ನಲ್ ಪೂರ್ತಿ ಹೋದರೆ ಹುಡುಕಾಟ ಶುರು, ಎರಡು ಸಿಮ್ ಇದ್ದರೆ ಎರಡಕ್ಕೂ. (ಕೊಡಗಿನಲ್ಲಿ ಎರಡನೇ ಸಿಮ್ ಶೋಕಿಯಲ್ಲ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂಬ ಎಚ್ಚರ.) ಶೇ 30 ತೋರಿಸುತ್ತಿದ್ದ ಹಳೆಯ ಫೋನು ಕರೆ ಮಾಡಿದೊಡನೆ ಆರಿಹೋಗುವುದಕ್ಕೂ ಈ ಕೂಗಾಟದ ನಂಟಿದೆ. ಆ ಶೇಕಡಾವಾರು ಅಂಕಿ ಬರೀ ಅಂದಾಜು. ಹಳೆಯ ಲಿಥಿಯಂ ಅಯಾನ್ ಬ್ಯಾಟರಿಯ ಒಳಪ್ರತಿರೋಧ ಹೆಚ್ಚಿರುತ್ತದೆ. ಒಮ್ಮೆಲೇ ಹೆಚ್ಚು ಕರೆಂಟ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. 2017ರ ಡಿಸೆಂಬರ್‌ನಲ್ಲಿ ಹಳೆಯ ಐಫೋನ್‌ಗಳ ವೇಗ ತಗ್ಗಿಸಿದ್ದನ್ನು ಒಪ್ಪಿಕೊಂಡ ಆಪಲ್ ಕೊಟ್ಟ ಕಾರಣವೂ ಇಂಥದೇ ಕುಸಿತ.

ಚಳಿಯೇ ಕಾರಣ ಎನ್ನುವವರಿದ್ದಾರೆ. ಲಿಥಿಯಂ ಬ್ಯಾಟರಿ ನಿಜಕ್ಕೂ ಮಂಕಾಗುವುದು ಉಷ್ಣಾಂಶ ಸೊನ್ನೆಯ ಹತ್ತಿರ ಬಂದಾಗ; ಮಡಿಕೇರಿಯ ಮಳೆಗಾಲ ಅಷ್ಟು ಕೊರೆಯುವುದಿಲ್ಲ. ರೀಲ್ಸ್ ನೋಡುವ ಚಟದ ಮೇಲೆ ತಪ್ಪು ಹಾಕುವವರ ಮಾತು ಅರ್ಧ ನಿಜ, ಆದರೆ ಆ ಚಟ ಮೈಸೂರಿನಲ್ಲೂ ಇದೆ. ಏರೋಪ್ಲೇನ್ ಮೋಡ್ ಹಾಕಿ ಎಂಬ ಸಲಹೆಯಿಂದ ಚಾರ್ಜ್ ಉಳಿಯುತ್ತದೆ, ಕರೆ ಬರುವುದಿಲ್ಲ. ಭೂಕುಸಿತದ ಜಿಲ್ಲೆಯಲ್ಲಿ ಇದೆಂಥ ಉಳಿತಾಯ? 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, ಎಲ್ಲವೂ ಆಗಸ್ಟ್ ತಿಂಗಳ ಕುಸಿತಗಳೇ. ಮೊಬೈಲ್‌ಗೆ ತುರ್ತು ಎಚ್ಚರಿಕೆ ಕಳಿಸುವ ವ್ಯವಸ್ಥೆಯ ಪರೀಕ್ಷೆ ಕರ್ನಾಟಕದಲ್ಲಿ 2023ರ ಅಕ್ಟೋಬರ್ 12ರಂದು ನಡೆಯಿತು. ಆ ಎಚ್ಚರಿಕೆ ಮೊಳಗಬೇಕಾದರೆ ಫೋನೂ ಟವರೂ ಜೀವಂತವಾಗಿರಬೇಕು. ಮರ ಬಿದ್ದು ತಂತಿ ಹರಿದರೆ ಟವರ್ ನಡೆಯುವುದು ತನ್ನ ಬ್ಯಾಟರಿ ಮತ್ತು ಡೀಸೆಲ್ ಇರುವಷ್ಟು ಹೊತ್ತು ಮಾತ್ರ. ಅದು ಮಲಗಿದ ಮೇಲೆ ಕರೆಂಟಿಲ್ಲದ ಮನೆಗಳ ಫೋನುಗಳು ದೂರದ ಟವರನ್ನು ಹುಡುಕುತ್ತಲೇ ಬರಿದಾಗುತ್ತವೆ.

ಗ್ರಾಹಕರು ಕಡಿಮೆ, ಗುಡ್ಡದ ಟವರಿಗೆ ಖರ್ಚು ಹೆಚ್ಚು ಎಂಬುದು ಕಂಪನಿಗಳ ವಾದ, ಸುಳ್ಳೇನಲ್ಲ. ಅದಕ್ಕೆಂದೇ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಸಂಪರ್ಕವಿಲ್ಲದ ಹಳ್ಳಿಗಳಿಗೆ 4ಜಿ ಒಯ್ಯಲು 26,316 ಕೋಟಿ ರೂಪಾಯಿ ಒಪ್ಪಿತು. ಆದರೆ ಒಂದು ಕಡ್ಡಿ ಕಾಣುವ ಊರು ‘ಸಂಪರ್ಕವಿಲ್ಲದ’ ಪಟ್ಟಿಗೆ ಸೇರುವುದು ಕಷ್ಟ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2024ರ ನಿಯಮಾವಳಿಯೂ, ನೆಟ್‌ವರ್ಕ್ 24 ಗಂಟೆ ಮೀರಿ ಕೈಕೊಟ್ಟರೆ ಪರಿಹಾರ ಕೊಡಬೇಕೆನ್ನುವಾಗ ಜಿಲ್ಲೆಯನ್ನೇ ಅಳತೆಗೋಲಾಗಿ ಹಿಡಿದಿದೆ. ಅದೇ ಜಿಲ್ಲೆಯ ಕುಶಾಲನಗರದಲ್ಲಿ ಟವರ್ ನಡೆಯುತ್ತಿದ್ದರೆ ಭಾಗಮಂಡಲದ ಕತ್ತಲೆ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅಳತೆ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಇಳಿಯಬೇಕು. ಅದೇ ನಿಯಮಾವಳಿಯಡಿ ಕಂಪನಿಗಳು ಪ್ರಕಟಿಸಬೇಕಾದ ವ್ಯಾಪ್ತಿ ನಕ್ಷೆಯಲ್ಲಿ ಸಿಗ್ನಲ್ ಎಷ್ಟು ಬಲವಾಗಿದೆ ಎಂಬುದೂ ಕಾಣಬೇಕು. ಕರೆಂಟ್ ಹೋದರೆ ಯಾವ ಟವರ್ ಎಷ್ಟು ಗಂಟೆ ನಡೆಯುತ್ತದೆ ಎಂಬ ಪಟ್ಟಿ ಪ್ರತಿ ವರ್ಷ ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮೊದಲು, ಜಿಲ್ಲಾಧಿಕಾರಿಯ ಮೇಜಿನ ಮೇಲಿರಬೇಕು.